ಕದ್ದ ಸಿಡಿ, ಕೊಟ್ಟ ಗೆಡ್ಡೆ

ಕಚೇರಿಗಳು ದಾನ ಕೊಟ್ಟ ಹಳೆ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡಿ, ಹಳ್ಳಿ ಶಾಲೆಗಳಿಗೆ ಮುಟ್ಟಿಸಿ, ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಡುತ್ತಿದ್ದ ಕಾಲ ಅದು. ನೆಮ್ಮಾರಿನ ಶಾಲೆಯಲ್ಲಿ ಎರಡನೇ ಮೆಷಿನ್ನಿಗೆ ಸಿಡಿ ಹಾಕಿ ಕೂತಿದ್ದೆ. ತೆರೆಯ ಮೇಲೆ ನೀಲಿ ಪಟ್ಟಿ ಗುಡ್ಡದ ಮಂಜಿನ ಹಾಗೆ ನಿಧಾನ ಸರಿಯುತ್ತಿತ್ತು. ಕಿಟಕಿಯಾಚೆ ಹೆಡ್ ಮೇಡಂ ನೆಟ್ಟ ಡೇರೆ ಹೂಗಳು ತೂಗುತ್ತಿದ್ದವು. ನನಗೆ ನಿದ್ದೆಗೆ ಕಣ್ಣು ಕೂರುತ್ತಿತ್ತು.

“ಈ ಸಿಡಿಯಲ್ಲಿರೋದು ಯಾರದ್ದು?” ಮೇಡಂ ಕೇಳಿದರು.

“ಯಾರ್ಯಾರೋ ಸೇರಿ ಬರೆದದ್ದು ಮೇಡಂ. ಪುಕ್ಕಟೆ. ಯಾರು ಬೇಕಾದರೂ ನಕಲು ಮಾಡ್ಕೊಳ್ಳಬಹುದು. ನಿಮಗೂ ಒಂದು ಸಿಡಿ ಕೊಡ್ತೇನೆ, ಹಾಳಾದರೆ ಮತ್ತೆ ಹಾಕ್ಕೊಳ್ಳಿ.”

“ಬೇಡ ಮಾರಾಯ್ರೆ. ಕೊಟ್ಟದ್ದು ಬದುಕೋದಿಲ್ಲ. ಆ ಡೇರೆ ಅಷ್ಟೂ ನಾನು ಕದ್ದು ತಂದದ್ದು.”

ನಾನು ನಕ್ಕೆ. ಅವರು ನಗಲಿಲ್ಲ.

ಮರುದಿನ ಕಿಗ್ಗದ ಶಾಲೆಯಲ್ಲಿ ಮಕ್ಕಳೆಲ್ಲ ಸುತ್ತ ನಿಂತು ಕಾಯುತ್ತಿದ್ದಾಗ ಚೀಲಕ್ಕೆ ಕೈ ಹಾಕಿದರೆ ಸಿಡಿಯೇ ಇಲ್ಲ. ಅದಿದ್ದ ಜಾಗದಲ್ಲಿ ಹಳೆ ಪ್ರಶ್ನೆಪತ್ರಿಕೆಯಲ್ಲಿ ಸುತ್ತಿದ ಒಂದು ಡೇರೆ ಗೆಡ್ಡೆ. ಕದಿಯುವ ಅಗತ್ಯವೇ ಇಲ್ಲದ ವಸ್ತುವನ್ನು ಮೇಡಂ ಕಷ್ಟಪಟ್ಟು ಕದ್ದಿದ್ದರು. ನಾಳೆ ಬರುತ್ತೇನೆಂದು ಮಕ್ಕಳಿಗೆ ಹೇಳಿ ಬಸ್ಸು ಹತ್ತಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ; ದಾರಿಯುದ್ದಕ್ಕೂ ಗೆಡ್ಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಎರಡು ವರ್ಷ ಬಿಟ್ಟು ಹೋದಾಗ ನೆಮ್ಮಾರಿನ ಎರಡೂ ಮೆಷಿನ್ ಓಡುತ್ತಿದ್ದವು. ಆ ಸಿಡಿಯ ನಕಲು ಅಕ್ಕಪಕ್ಕದ ಶಾಲೆಗಳಿಗೂ ಹಬ್ಬಿತ್ತು.

“ನಿಮ್ಮ ಡೇರೆ ಹೂ ಬಿಡ್ತಾ?” ಎಂದು ಮೇಡಂ ಕೇಳಿದರು.

ಕೊಪ್ಪದ ನನ್ನ ಮನೆಯಂಗಳದಲ್ಲಿ ನೆಟ್ಟ ಆ ಗೆಡ್ಡೆ ಚಿಗುರಲೇ ಇಲ್ಲ. ಕೊಟ್ಟದ್ದಲ್ಲವೇ ಅದು.