ನಾಲ್ಕು ನಾಗರಿಕತೆಗಳಿಗೆ ಒಬ್ಬರೇ ಅಂಟಿನಕ್ಕ

ಎದುರಿನ ಗೋದಾಮಿನ ತಗಡಿನ ಮಾಡಿನ ಮೇಲೆ ಸೂರ್ಯ ಈಗಷ್ಟೇ ಇಣುಕುತ್ತಿದ್ದಾನೆ. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಹೆಂಗಸೊಬ್ಬರು ಎತ್ತರದ ಸ್ಟೂಲಿನ ಮೇಲೆ ಕೂತು, ಸೊಂಟದೆತ್ತರದ ಒಂದು ವಾಡೆಗೆ, ಅಂದರೆ ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆಗೆ, ಮೂಗು ತಾಗುವಷ್ಟು ಬಗ್ಗಿದ್ದಾರೆ. ಎರಡೂ ಕೈಯಲ್ಲಿ ಒಂದು ಚೂರನ್ನು ಅದುಮಿ ಹಿಡಿದಿದ್ದಾರೆ. ಅಂಟು ಹಿಡಿಯುವವರೆಗೆ ಅಲುಗಾಡುವಂತಿಲ್ಲ. ಕೆಮ್ಮು ಬಂದರೆ ನುಂಗಿಕೊಳ್ಳಬೇಕು, ಸೊಳ್ಳೆ ಕೂತರೆ ಕಚ್ಚಿಸಿಕೊಳ್ಳಬೇಕು. ತಮ್ಮ ಬಗ್ಗೆ ಬರೆಯಲು ಬಂದು ಬಾಗಿಲಲ್ಲಿ ನಿಂತವರಿಗೆ "ಬನ್ನಿ" ಎನ್ನಲೂ ಬಾಯಿ ತೆರೆಯದೆ, ಹುಬ್ಬು ಮಾತ್ರ ಏರಿಸುತ್ತಾರೆ. ಸ್ವಲ್ಪ ತಡೀರಿ ಎಂದು ಅದರ ಅರ್ಥ.

ಇಲ್ಲಿ ಎಲ್ಲರಿಗೂ ಅವರು ಅಂಟಿನಕ್ಕ. ಮಣ್ಣಿನಡಿಯಿಂದ ಚೂರುಚೂರಾಗಿ ಬಂದ ಪಾತ್ರೆಗಳನ್ನು ತೊಳೆದು, ಒಣಗಿಸಿ, ಹೊಂದಿಸಿ, ಮತ್ತೆ ಪಾತ್ರೆ ಮಾಡುವುದು ಅವರ ಕೆಲಸ. ಬೆಳಗಿನ ಜಾವಕ್ಕೇ ಬರುವುದಕ್ಕೆ ಕಾರಣವಿದೆ. ಓರೆಯಾಗಿ ಬೀಳುವ ಎಳೆಬಿಸಿಲಲ್ಲಿ ಬೆಸುಗೆಯ ಏರುತಗ್ಗು ಚೆನ್ನಾಗಿ ಕಾಣುತ್ತದೆ. ಜೊತೆಗೆ ಆ ಹೊತ್ತಿಗೆ ಹಿಂದಿನ ರಸ್ತೆಯಲ್ಲಿ ಲಾರಿಗಳ ಓಡಾಟ ಶುರುವಾಗಿರುವುದಿಲ್ಲ.

"ಲಾರಿ ಬಂದ್ರೆ ಟೇಬಲ್ ನಡುಗುತ್ತೆ," ಎನ್ನುತ್ತಾರೆ, ಅಂಟು ಹಿಡಿದ ಮೇಲೆ ಚೂರಿನಿಂದ ಕೈ ಬಿಟ್ಟು. "ನನ್ನ ಕೈ ನಡುಗೋದು ಬೇರೆ. ಎರಡೂ ಸೇರಿದ್ರೆ ಮುಗೀತು ಕಥೆ."

ಇನ್ನು ಉಳಿದಿರುವುದು ಮೂರು ಚೂರು. ಅಂಟಿನಕ್ಕನ ಮುಖದಲ್ಲಿ ಗೆಲುವಿಲ್ಲ. ಏಕೆಂದರೆ ಈ ವಾಡೆಯನ್ನು ಅವರು ಜೋಡಿಸಿ ನಿಲ್ಲಿಸುತ್ತಿರುವುದು ಎರಡನೇ ಸಲ. ಮೊದಲ ಸಲ ಕೊನೆಯ ಚೂರು ಕೂರಲಿಲ್ಲ. ಈ ಸಲವೂ ಕೂರದಿದ್ದರೆ ಮೂರನೇ ಸಲ ನಿಲ್ಲಿಸುವ ಶಕ್ತಿ ಕೈಗೂ ಇಲ್ಲ, ಕಣ್ಣಿಗೂ ಇಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ನನ್ನು ಈ ವಾಡೆಯ ನೆಪದಲ್ಲಿ ಮುಂದಕ್ಕೆ ಹಾಕುತ್ತಲೇ ಬಂದಿದ್ದಾರೆ. ಡಾಕ್ಟರು ಬೈದೂ ಆಗಿದೆ.

ವಾಡೆಗೆ ಜಾಗ ಕಾದಿರುವುದು ಮಹಡಿಯ ಹೊಸ ಪ್ರದರ್ಶನಾಂಗಣದಲ್ಲಿ. ಜಗತ್ತಿನ ಮೊದಲ ನಾಗರಿಕತೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಜಾಗ ಅದು. ಸಾಮಾನ್ಯವಾಗಿ ಇಂಥ ಕಡೆ ರಾಜ, ಕಿರೀಟ, ಕತ್ತಿಗಳದ್ದೇ ದರಬಾರು. ಇಲ್ಲಿನ ಕ್ಯುರೇಟರ್, ಅಂದರೆ ಪ್ರದರ್ಶನದ ಹೊಣೆ ಹೊತ್ತ ಅಧಿಕಾರಿ, ಅದನ್ನೆಲ್ಲ ಪಕ್ಕಕ್ಕಿಟ್ಟು ಅಡುಗೆಮನೆಗೆ ನುಗ್ಗಿದ್ದಾರೆ. ಒಂದು ಮೂಲೆಯಲ್ಲಿ ಈಜಿಪ್ಟಿನವರು ರೊಟ್ಟಿ ಬೇಯಿಸುತ್ತಿದ್ದ ಮಣ್ಣಿನ ಅಚ್ಚುಗಳು. ಇನ್ನೊಂದರಲ್ಲಿ ಚೀನಾದ ಮೂರು ಕಾಲಿನ ಬೇಯಿಸುವ ಪಾತ್ರೆ. ಮೂರನೆಯದರಲ್ಲಿ ಮೆಸೊಪೊಟೇಮಿಯಾದ ಒರಟು ಬಟ್ಟಲುಗಳು, ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು. ನಾಲ್ಕನೆಯ ಮೂಲೆ ಸಿಂಧೂ ಕಣಿವೆಯದು. ಅಲ್ಲೊಂದು ಖಾಲಿ ಪೀಠವಿದೆ.

"ಆ ಬಟ್ಟಲುಗಳಲ್ಲಿ ಕೆಲಸದವರಿಗೆ ದವಸ ಅಳೆದು ಕೊಡ್ತಿದ್ರು ಅಂತ ತುಂಬಾ ಜನ ವಿದ್ವಾಂಸರ ಊಹೆ," ಎಂದು ವಿವರಿಸುತ್ತಾರೆ ಕ್ಯುರೇಟರ್. "ಅದರ ಎದುರಿಗೆ ಮನೆಯೊಳಗೇ ಕಾಳು ತುಂಬಿಡೋ ವಾಡೆ ನಿಂತ್ರೆ, ನೋಡಿದವರಿಗೆ ತಾನಾಗಿ ಒಂದು ಪ್ರಶ್ನೆ ಹುಟ್ಟುತ್ತೆ. ಊಟ ಯಾರ ಕೈಯಲ್ಲಿತ್ತು? ಕೊಡೋರ ಕೈಯಲ್ಲೋ, ಮನೆಯವರ ಕೈಯಲ್ಲೋ? ಉತ್ತರ ಅಷ್ಟು ಸಲೀಸಲ್ಲ. ಆದ್ರೆ ಪ್ರಶ್ನೆ ಹುಟ್ಟೋಕಾದ್ರೂ ವಾಡೆ ಬೇಕಲ್ಲ."

ಈ ಅಡುಗೆಮನೆ ಹೋಲಿಕೆಯ ವಿಚಾರ ಅಂಟಿನಕ್ಕನ ಮನೆಯಲ್ಲೂ ಚರ್ಚೆಯಾಗಿದೆ. ಎಂಬತ್ತು ದಾಟಿದ ಅತ್ತೆ ಸೊಸೆಯ ಬಾಯಿಂದ ಎಲ್ಲ ಕೇಳಿಸಿಕೊಂಡು ತೀರ್ಪು ಕೊಟ್ಟರಂತೆ: "ಪಕ್ಕದ್ಮನೆಗೆ ಹೊಸಬರು ಬಂದ್ರೆ ನಾನೂ ಮೊದ್ಲು ಇಣುಕೋದು ಅಡುಗೆಮನೇನೇ. ನನಗ್ಯಾರೂ ಆಫೀಸರ್ ಕೆಲಸ ಕೊಡ್ಲಿಲ್ಲ ನೋಡು!"

ಆ ಮನೆ ಎರಡು ಕೋಣೆಯದು. ಗಂಡನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅವರು ಬಸ್ಸಿಳಿಯುವ ಹೊತ್ತಿಗೆ ಇವರು ಅದೇ ಬಸ್ಸು ಹತ್ತುತ್ತಾರೆ. ಕೀಲಿಕೈ, ಅತ್ತೆಯ ಮಾತ್ರೆಯ ವಿಷಯ, ಹಾಲು ಕಾಯಿಸಿದ್ದೀನಾ ಇಲ್ಲವಾ ಎಂಬುದು, ಎಲ್ಲವೂ ಬಸ್ಸಿನ ಮೆಟ್ಟಿಲ ಮೇಲೇ ಕೈ ಬದಲಾಗುತ್ತದೆ. "ನಮ್ಮ ಸಂಸಾರ ಕಂಡಕ್ಟರ್‌ಗೇ ಚೆನ್ನಾಗಿ ಗೊತ್ತು," ಎಂದು ನಗುತ್ತಾರೆ. ನಗು ಕಣ್ಣಿನವರೆಗೆ ಬರುವಷ್ಟರಲ್ಲಿ ಸುಸ್ತಾಗಿಬಿಡುತ್ತದೆ.

ಅಂಟಿನಕ್ಕ ಮೊದಲು ಇಲ್ಲಿಗೆ ಬಂದದ್ದು ಚೂರು ತೊಳೆಯಲು. ಬಕೆಟ್ಟು, ಹಲ್ಲುಜ್ಜುವ ಬ್ರಷ್ಷು, ಗುಡ್ಡೆ ಗುಡ್ಡೆ ಕೊಳಕು ಚೂರು. ಆಗ ಜೋಡಿಸುವ ಕೆಲಸ ಒಬ್ಬ ಮುದುಕರದ್ದಾಗಿತ್ತು. ಎಲ್ಲರೂ ಅವರನ್ನು ಅಜ್ಜ ಎನ್ನುತ್ತಿದ್ದರು. ಒಣಗಲು ಹರವಿದ ಚೂರುಗಳನ್ನು ಈ ಹೆಂಗಸು ಸುಮ್ಮನೆ ಸಾಲಾಗಿಡದೆ ಬಣ್ಣ, ದಪ್ಪ ನೋಡಿ ಗುಂಪು ಮಾಡುತ್ತಿದ್ದುದನ್ನು ಅಜ್ಜ ಕಂಡರು. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಅವರು ಹೇಳಿಕೊಟ್ಟಿದ್ದರಲ್ಲಿ ಮುಖ್ಯವಾದದ್ದು, ತಳದಿಂದ ಶುರು ಮಾಡಬೇಕು, ಪ್ರತಿ ಬೆಸುಗೆಯ ಮೇಲೆ ಉಗುರು ಎಳೆದು ನೋಡಬೇಕು ಎಂಬುದು. ಉಗುರು ಎಲ್ಲಾದರೂ ತಡೆದರೆ ಚೂರು ಸರಿಯಾಗಿ ಕೂತಿಲ್ಲ ಎಂದರ್ಥ. ಇನ್ನೊಂದು ಮಾತನ್ನಂತೂ ಅಜ್ಜ ದಿನವೂ ಹೇಳುತ್ತಿದ್ದರು: ಬಿಡಿಸಲಾಗದಂಥ ಅಂಟು ಹಾಕಬಾರದು. ಜೋಡಿಸುವವರು ತಪ್ಪು ಮಾಡುತ್ತಾರೆ, ಮುಂದಿನವರಿಗೆ ಅದನ್ನು ಬಿಚ್ಚಲು ದಾರಿ ಇರಬೇಕು.

ಒಳ್ಳೆಯ ದಿನ ಐದಾರು ಚೂರು ಕೂರುತ್ತವೆ. ಕೆಟ್ಟ ದಿನ ಒಂದೂ ಇಲ್ಲ. ಅಂಟಿನ ಘಾಟಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ, ಊಟ ರುಚಿಸುವುದಿಲ್ಲ. ಬೆನ್ನು ನೆಟ್ಟಗಾಗಲು ಸಂಜೆಯಾಗಬೇಕು. ಇಷ್ಟೆಲ್ಲ ಮಾಡಿದ ಮೇಲೆ, ಕೆಲಸ ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿದೆ ಎಂದೇ ಲೆಕ್ಕ. ಇದಕ್ಕಿಂತ ಎಲೆಮರೆಯ ಕೆಲಸ ಬೇರೆ ಯಾವುದಿದ್ದೀತು!

ಮೊದಲ ಸಲ ವಾಡೆಯಲ್ಲಿ ಎಡವಟ್ಟಾದದ್ದು ತಳದಲ್ಲೇ. ಅಂದು ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆ ಸೇರಿದ್ದರು. ಫೋನು ಬಂದಾಗ ಅಂಟಿನಕ್ಕನ ಕೈಯಲ್ಲಿ ಎರಡನೇ ಸುತ್ತಿನ ಚೂರಿತ್ತು. ಅಂಟು ಹಚ್ಚಿ, ಕೂರಿಸಿ, ಉಗುರು ಎಳೆದು ನೋಡದೆ ಓಡಿದರು. ಚೂರು ಕೂದಲೆಳೆಯಷ್ಟು ಹೊರಚಾಚಿ ಕೂತಿತು. ಮೇಲೆ ಕೂತ ಪ್ರತಿ ಚೂರೂ ಆ ಓರೆಯನ್ನು ತಾನೂ ಒಂದಿಷ್ಟು ಹೆಚ್ಚಿಸಿ, ಮೇಲಿನದಕ್ಕೆ ದಾಟಿಸಿತು. ತಿಂಗಳುಗಟ್ಟಲೆ ವಾಡೆ ಏರಿತು, ಚೆಂದವಾಗಿಯೇ ಕಾಣುತ್ತಿತ್ತು. ಕೊನೆಗೆ ಬಾಯಿಯ ಅಂಚಿನ ಒಂದು ಕಿಂಡಿ ಉಳಿಯಿತು. ಅದರದೇ ಚೂರು ಕೈಯಲ್ಲಿತ್ತು. ಕಿಂಡಿ ಮಾತ್ರ ಚೂರಿಗಿಂತ ಚಿಕ್ಕದಾಗಿತ್ತು.

"ಎಷ್ಟು ತಿರುಗಿಸಿದ್ರೂ ಹೋಗ್ಲಿಲ್ಲ," ಎನ್ನುತ್ತಾರೆ. "ನನಗೆ ಆಗ್ಲೇ ಗೊತ್ತಾಯ್ತು, ಎಲ್ಲಿ ತಪ್ಪಿದೀನಿ ಅಂತ. ಅಲ್ಲೇ ಕೂತು ಅತ್ತುಬಿಟ್ಟೆ, ಯಾಕೆ ಸುಳ್ಳು ಹೇಳ್ಲಿ."

ಪ್ರದರ್ಶನದ ಪೀಠಗಳನ್ನು ಮಾಡುತ್ತಿದ್ದ ಬಡಗಿ ಅದೇ ಹೊತ್ತಿಗೆ ಅಳತೆ ತೆಗೆದುಕೊಳ್ಳಲು ಬಂದಿದ್ದರು. ಒಳ್ಳೆಯ ಮನುಷ್ಯ. ಅಳು ನೋಡಲಾಗದೆ ತಮ್ಮ ಚೀಲದಿಂದ ಮರ ಉಜ್ಜುವ ಉಪ್ಪುಕಾಗದ ತೆಗೆದು ಮುಂದೆ ಹಿಡಿದರು: "ಒಂಚೂರು ಉಜ್ಜಿಬಿಡಿ ಅಕ್ಕ. ಬಾಗಿಲು ಕೂರದಿದ್ರೆ ನಾವು ಮಾಡೋದೂ ಅದೇ. ಯಾರಿಗ್ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದು ನಿಜ. ಅಂಟಿನಕ್ಕ ಕಾಗದವನ್ನು ಕೈಗೆ ತೆಗೆದುಕೊಂಡರು. ಚೂರಿನ ಅಂಚಿಗೆ ಇಟ್ಟೂ ಇಟ್ಟರು. ಅತ್ತೆ ಹಾಸಿಗೆ ಹಿಡಿದಿದ್ದರು, ಉದ್ಘಾಟನೆಯ ದಿನ ಗೊತ್ತಾಗಿತ್ತು, ಡಾಕ್ಟರು ಕಣ್ಣಿಗೆ ದಿನ ಕೊಟ್ಟಿದ್ದರು. ನಾಲ್ಕು ಸಲ ಉಜ್ಜಿದ್ದರೆ ಎಲ್ಲವೂ ಸಲೀಸಾಗುತ್ತಿತ್ತು. ಕೊನೆಗೆ ಕಾಗದವನ್ನು ಬಡಗಿಯ ಕೈಗೇ ವಾಪಸು ಕೊಟ್ಟರು.

"ದೊಡ್ಡ ಧರ್ಮರಾಯನ ಹಾಗೆ ಬರೀಬೇಡಿ ಮತ್ತೆ," ಎಂದು ಎಚ್ಚರಿಸುತ್ತಾರೆ. "ಉಜ್ಜಬೇಕು ಅಂತಾನೇ ಇದ್ದೆ. ಆದ್ರೆ ತಪ್ಪು ಮಾಡಿದ್ದು ನಾನು, ಆ ಚೂರಲ್ಲ. ಅದು ಇಷ್ಟು ಕಾಲ ಮಣ್ಣಲ್ಲಿದ್ದೂ ಅಂಚು ಉಳಿಸ್ಕೊಂಡಿದೆ. ನನ್ನ ಅವಸರಕ್ಕೆ ಅದನ್ನ ಕೆರೆಯೋದಾ?"

ಕಿಂಡಿಯ ಭಾಗವನ್ನು ಗೋಡೆಗೆ ತಿರುಗಿಸಿ ಇಡೋಣ ಎಂದು ಕ್ಯುರೇಟರ್ ಕೂಡ ಹೇಳಿ ನೋಡಿದರು. ಅದರಲ್ಲಿ ಮೋಸವೇನೂ ಇರಲಿಲ್ಲ. ಆದರೆ ಓರೆಯಾಗಿ ಏರಿದ ವಾಡೆಯ ಬೆಸುಗೆಗಳ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ, ಒಂದಲ್ಲ ಒಂದು ದಿನ ಬಿರಿಯುತ್ತದೆ ಎಂದು ಅಂಟಿನಕ್ಕ ಹೇಳಿದಾಗ ಆ ಯೋಚನೆ ಬಿಟ್ಟರು. "ನಿಮ್ಮ ಕಣ್ಣು, ಅಕ್ಕ?" ಎಂದಷ್ಟೇ ಕೇಳಿದರು. ಅಂಟಿನಕ್ಕ ಅಂಟು ಕರಗಿಸುವ ದ್ರಾವಣದಲ್ಲಿ ಹತ್ತಿ ಅದ್ದಿ ವಾಡೆಯ ಒಳಗೂ ಹೊರಗೂ ಇಟ್ಟು, ಇಡೀ ವಾಡೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಿದರು. ಬೆಸುಗೆಗಳು ಒಂದೊಂದಾಗಿ ಸಡಿಲಗೊಂಡವು. ತಿಂಗಳುಗಳ ಕೆಲಸ ಮತ್ತೆ ಚೂರಾಗಿ, ಚೂರುಗಳನ್ನು ನಿಲ್ಲಿಸಿಡುವ ಮರಳಿನ ತಟ್ಟೆಗೆ ಬಂತು.

ಪ್ರದರ್ಶನಾಂಗಣ ಖಾಲಿ ಪೀಠದೊಂದಿಗೇ ಉದ್ಘಾಟನೆಯಾಯಿತು. ಅಂದು ಅಂಟಿನಕ್ಕನೂ ಒಳ್ಳೆ ಸೀರೆಯುಟ್ಟು ಗುಂಪಿನ ಹಿಂದೆ ನಿಂತಿದ್ದರು. ಮುಂದಿದ್ದ ದಂಪತಿಗಳು ಬಟ್ಟಲುಗಳನ್ನು ನೋಡಿ, ಅಚ್ಚುಗಳನ್ನು ನೋಡಿ, ಪೀಠದ ಮುಂದೆ ಬಂದರು. ಹೆಂಡತಿ ಗಂಡನಿಗೆ ಹೇಳಿದರು: "ಪಾಪ, ಇವರ ಹತ್ರ ಏನೂ ಇರ್ಲಿಲ್ಲ ಅನ್ಸುತ್ತೆ."

ಆ ಮಾತು ಅಂಟಿನಕ್ಕನಿಗೆ ನಾಟಿಬಿಟ್ಟಿತು. ಯಾರದೋ ಮನೆಯಲ್ಲಿ ಕಾಳು ತುಂಬಿತ್ತು, ಯಾರೋ ಅದಕ್ಕೆ ಮುಚ್ಚಳ ಮುಚ್ಚಿ ಮಕ್ಕಳನ್ನು ಗದರಿದ್ದರು. ತಾನು ಉಗುರು ಎಳೆಯದ್ದಕ್ಕೆ ಆ ಮನೆ ಏನೂ ಇಲ್ಲದವರ ಮನೆಯಾಗಿ ನಿಂತಿತು. ಮರುದಿನ ಮೊದಲ ಬಸ್ಸಿಗೆ ಬಂದು ತಳದಿಂದ ಶುರು ಮಾಡಿದರು.

ಮಾತು ಮುಗಿಯುವಷ್ಟರಲ್ಲಿ ಇನ್ನೆರಡು ಚೂರು ಕೂತಿವೆ. ಉಳಿದದ್ದು ಬಾಯಿಯ ಅಂಚಿನದು ಮಾತ್ರ. ರಸ್ತೆಯಲ್ಲಿ ಮೊದಲ ಲಾರಿಯೊಂದು ಗುಡುಗಿಕೊಂಡು ಹೋಗುತ್ತದೆ. ಅದು ದೂರ ಹೋಗುವವರೆಗೂ ಅಂಟಿನಕ್ಕ ಕಾಯುತ್ತಾರೆ. ಕ್ಯುರೇಟರ್ ಯಾವಾಗಲೋ ಬಂದು ಗೋಡೆಗೊರಗಿ ನಿಂತಿದ್ದಾರೆ. ಅಂಟು ಹಚ್ಚುವ ಮೊದಲು ಚೂರನ್ನು ಒಣದಾಗಿಯೇ ಕಿಂಡಿಗೆ ಹಿಡಿದು ನೋಡಬೇಕು. ಕಣ್ಣನ್ನು ನಂಬುವಂತಿಲ್ಲ, ಆದ್ದರಿಂದ ಕಣ್ಣು ಮುಚ್ಚಿಕೊಂಡೇ ಅಂಚಿಗೆ ಅಂಚು ತಾಗಿಸುತ್ತಾರೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಚೂರು ಕೂರುತ್ತದೆ. ಉಗುರು ಎಳೆಯುತ್ತಾರೆ, ಒಂದು ಸಲ, ಇನ್ನೊಂದು ಸಲ. ಎಲ್ಲೂ ತಡೆಯುವುದಿಲ್ಲ.

ಕ್ಯುರೇಟರ್ "ಅಕ್ಕಾ!" ಎಂದು ಕೂಗಿ ತಬ್ಬಿಕೊಳ್ಳಲು ಬರುತ್ತಾರೆ. "ಅಲ್ಲೇ ನಿಲ್ಲಿ, ಇನ್ನೂ ಅಂಟು ಹಾಕಿಲ್ಲ!" ಎಂದು ಅಂಟಿನಕ್ಕ ಗದರುತ್ತಾರೆ. ಅಂಟು ಹಾಕಿ, ಹಿಡಿದು, ಕೈಬಿಟ್ಟ ಮೇಲೂ ಸ್ಟೂಲಿನಿಂದ ಇಳಿಯುವುದಿಲ್ಲ. ಪೀಠದ ಮೇಲೆ ನಿಮ್ಮ ಹೆಸರೂ ಇರಲಿ ಎಂದು ಕ್ಯುರೇಟರ್ ಹೇಳಿದ್ದಕ್ಕೆ ಬೇಡವೆಂದು ಕೈಯಾಡಿಸುತ್ತಾರೆ.

"ಹೆಸರೆಲ್ಲ ಯಾಕೆ," ಎನ್ನುತ್ತಾರೆ, ಒರೆಸಿಕೊಂಡ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತ. "ಇದನ್ನ ಮುಂದೆ ಯಾವತ್ತಾದ್ರೂ ಯಾರಾದ್ರೂ ಬಿಚ್ತಾರೆ. ಆವಾಗ ನಾನಿರಲ್ಲ. ಆದ್ರೆ ಒಂದೊಂದೇ ಚೂರು ಕೈಗೆ ತಗೊಂಡು ನೋಡ್ದಾಗ ಅವರಿಗೆ ಗೊತ್ತಾಗುತ್ತೆ, ಎಲ್ಲೂ ಉಜ್ಜಿಲ್ಲ ಅಂತ. ಅಷ್ಟು ಸಾಕು ನನಗೆ."