ಲಾಲ್ ಬಾಷಾರ ಕಡಲಕ್ಕಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರು ಬೇಕಾದಷ್ಟು ಜನರಿದ್ದಾರೆ. ಅವರಲ್ಲಿ 'ವನ್ಯಜೀವಿ ಛಾಯಾಗ್ರಾಹಕ' ಎಂದು ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡವರು ಲಾಲ್ ಬಾಷಾ ಒಬ್ಬರೇ. ಐವತ್ತು ದಾಟಿದ ಮೇಲೆ, ಬೀಡಿ ಬಿಟ್ಟ ಕೈಗೆ ಏನಾದರೂ ಬೇಕಲ್ಲ ಎಂದು ಹಿಡಿದ ಕ್ಯಾಮೆರಾ ಅದು. ಆಮೇಲೆ ಸುತ್ತಲಿನ ಕೆರೆಗಳಲ್ಲಿ ಒಂದು ಕೊಕ್ಕರೆಯನ್ನೂ ಅವರು ನೆಮ್ಮದಿಯಾಗಿ ಮೀನು ತಿನ್ನಲು ಬಿಟ್ಟಿಲ್ಲ.

ಡ್ರಾಯಿಂಗ್ ಮೇಷ್ಟ್ರು ಮುರಳಿಮೋಹನ್ ಊರಿನಲ್ಲಿ ಫೋಟೊ ಪ್ರದರ್ಶನ ಇಟ್ಟುಕೊಂಡಾಗ ಬಾಷಾ, "ಕೆರೆ ಹಕ್ಕಿ ಎಲ್ರೂ ತೆಗೀತಾರೆ ಮೇಷ್ಟ್ರೇ. ನಾನು ಕಡಲಕ್ಕಿ ತರ್ತೀನಿ. ರೆಕ್ಕೆ ಬಿಚ್ಕೊಂಡು ಎದುರಿಗೇ ಹಾರ್ಕೊಂಡ್ ಬರೋದು" ಎಂದುಬಿಟ್ಟರು. ಮೇಷ್ಟ್ರು ನಂಬಿ, ಆಹ್ವಾನಪತ್ರಿಕೆಯಲ್ಲಿ ಹಾಗೆಯೇ ಅಚ್ಚು ಹಾಕಿಸಿದರು. ಬಾಗಿಲಿಗೆ ಎದುರಾಗಿ ನಾಲ್ಕಡಿಯ ಚೌಕಟ್ಟೂ ಸಿದ್ಧವಾಯಿತು. ಕಡಲಕ್ಕಿ ಸಿಗದಿದ್ದರೆ ಅದರಲ್ಲಿ ನೇತಾಡುವುದು ಬಾಷಾರ ಮಾನವೇ.

ಹೀಗೆ ಅವರೂ ಹೆಂಡತಿ ರುಬೀನಾರೂ ಮೂರು ದಿನಕ್ಕೆಂದು ಮಲ್ಪೆಗೆ ಹೊರಟರು. ಮರಳಿನ ಮೇಲೆ ಬೋರಲು ಮಲಗಿ ಉದ್ದನೆಯ ಲೆನ್ಸ್ ಅಲುಗದಂತೆ ಇಡಲು ಒಂದು ದಿಂಬು ಬೇಕು. ಉಳಿದವರು ಅದಕ್ಕೆ ಹುರುಳಿಯನ್ನೋ ಅಕ್ಕಿಯನ್ನೋ ತುಂಬುತ್ತಾರೆ. ಬಾಷಾ ತುಂಬಿದ್ದು ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳುವನ್ನು. ಅವರ ಕಾರ್ಖಾನೆಯ ಹಿಂದೆ ರಾಶಿ ರಾಶಿ ಒಣಗುತ್ತಿತ್ತು. ಅದರ ನಾತ ಹೊಸಬರನ್ನು ಬೀದಿಯ ತುದಿಯಿಂದಲೇ ವಾಪಸು ಕಳಿಸುತ್ತದೆ. ಮೂವತ್ತು ವರ್ಷ ಅದರಲ್ಲೇ ಉಸಿರಾಡಿದ ಗಂಡಹೆಂಡಿರ ಮೂಗಿಗೆ ಮಾತ್ರ ಅದು ಬರೀ ಗಾಳಿ.

ಮಲ್ಪೆಯ ನಾಯಿಗಳಿಗೆ ಹಾಗಿರಲಿಲ್ಲ. ಬಾಷಾ ಎಲ್ಲಿ ಮಲಗಿದರೂ ಐದಾರು ನಾಯಿಗಳು ಭಾಷಣ ಕೇಳಲು ಬಂದಂತೆ ಸುತ್ತ ಕೂರುತ್ತಿದ್ದವು. ಅವನ್ನು ಕಂಡು ಕಡಲಕ್ಕಿಗಳು ಅಷ್ಟು ದೂರದಲ್ಲೇ ಬೆನ್ನು ತಿರುಗಿಸುತ್ತಿದ್ದವು.

"ಎಂತ ಮಾರಾಯ್ರೆ ಆ ದಿಂಬಲ್ಲಿ?" ಎಂದಳು ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸು. "ನಮ್ಮ ಒಣಮೀನಿಗೂ ಇಷ್ಟು ವಾಸನೆ ಇಲ್ಲ."

ಬಾಷಾ ಮೂಸಿ ನೋಡಿದರು. ರುಬೀನಾಗೂ ಮೂಸಲು ಕೊಟ್ಟರು.

"ಏನೂ ಇಲ್ವಲ್ಲ," ಎಂದರು ರುಬೀನಾ.

ಎರಡು ದಿನ ಹೀಗೇ ಕಳೆಯಿತು. ಮೂರನೆಯ ಬೆಳಿಗ್ಗೆ, ಕಾದು ಬೇಸತ್ತ ನಾಯಿಯೊಂದು ದಿಂಬಿಗೆ ಬಾಯಿ ಹಾಕಿ ಎಳೆಯಿತು. ಬಟ್ಟೆ ಹರಿದು ಅರ್ಧ ಹುಳು ಬಾಷಾರ ಮೈಮೇಲೆ ಚೆಲ್ಲಿತು. ಉಳಿದರ್ಧದೊಂದಿಗೆ ನಾಯಿ ಓಡಿತು, ಅದರ ಹಿಂದೆ ಉಳಿದ ನಾಯಿಗಳೂ ಓಡಿದವು. ಆಗ ಚೆಲ್ಲಿದ ಹುಳುವಿನ ಆಸೆಗೆ ಕಡಲಕ್ಕಿಗಳು ಒಟ್ಟಿಗೆ ತಿರುಗಿದವು. ರೆಕ್ಕೆ ಬಿಚ್ಚಿಕೊಂಡು ಎದುರಿಗೇ ಬಂದವು, ಥೇಟ್ ಬಾಷಾ ಕೇಳಿದ ಹಾಗೆ. ಆದರೆ ದೂರದ ಹಕ್ಕಿಗೆಂದು ಮಾಡಿದ ಲೆನ್ಸಿಗೆ ಮೊಳದಳತೆಯಲ್ಲಿ ಇರುವುದು ಕಾಣುವುದಿಲ್ಲ. ಅಂಗಾತ ಬಿದ್ದು ಅವರು ತೆಗೆದ ನಲವತ್ತು ಚಿತ್ರಗಳಲ್ಲಿ ಇದ್ದುದು ಬಿಳಿ ಮಂಜು.

ರುಬೀನಾ ಟೀ ಲೋಟ ಕೆಳಗಿಟ್ಟು ಮೊಬೈಲಿನಲ್ಲಿ ಒಂದೇ ಒಂದು ತೆಗೆದರು. ಎಳೆಬಿಸಿಲಿಗೆ ಹರಡಿದ ರೆಕ್ಕೆ, ಎಣಿಸುವಂಥ ಗರಿಗಳು, ತೆರೆದ ಕೊಕ್ಕು. ಅದರ ಕೆಳಗೆ, ತೆರೆದ ಬಾಯಿಯ ಲಾಲ್ ಬಾಷಾ.

ವಾಪಸು ಬರುವ ಬಸ್ಸು ಘಟ್ಟ ಹತ್ತುವಾಗ ಬಾಷಾ ಹೆಂಡತಿಯ ಮೊಬೈಲಿನತ್ತ ಬೆರಳು ತೋರಿಸಿದರು.

"ಅದನ್ನ ನನ್ ಮೊಬೈಲಿಗೆ ಕಳ್ಸು. ಪತ್ರಿಕೇಲಿ ನನ್ ಹೆಸರು ಹೇಗೂ ಅಚ್ಚಾಗೋಗಿದೆ."

"ನಿಮ್ ಹೆಸ್ರೇ ಹಾಕ್ಕೊಳ್ಳಿ, ನಂಗೇನು. ಕೆಳಗೆ ಬಿದ್ದಿರೋನು ಯಾರು ಅಂತ ಕೇಳಿದ್ರೆ ಏನ್ ಹೇಳ್ತೀರಿ, ಇಫ್ರಾ ಅಬ್ಬಾ?" ಎಂದರು ರುಬೀನಾ, ಎಂದಿನಂತೆ ಮಗಳ ಹೆಸರು ಹಿಡಿದೇ ಗಂಡನನ್ನು ಕರೆದು.

ಬಾಷಾ ತಮ್ಮನ್ನು ಚಿತ್ರದಿಂದ ಕತ್ತರಿಸಿ ಹಾಕಲು ನೋಡಿದರು. ಹಕ್ಕಿಯ ಎಡರೆಕ್ಕೆ ಸರಿಯಾಗಿ ಅವರ ಬೋಳುತಲೆಯ ಮೇಲೆ ಹಾಯ್ದಿತ್ತು. ತಲೆ ತೆಗೆದರೆ ರೆಕ್ಕೆ ಹೋಗುತ್ತಿತ್ತು. ಹಾಸನ ಬರುವಷ್ಟರಲ್ಲಿ ಅವರು ಸೋಲೊಪ್ಪಿ ಮೇಷ್ಟ್ರಿಗೆ ಫೋನು ಮಾಡಿದರು.

ಪ್ರದರ್ಶನದ ದಿನ ಜನ ಮುತ್ತಿಕೊಂಡಿದ್ದು ಆ ಚೌಕಟ್ಟಿನ ಮುಂದೆಯೇ. ಕೆಳಗೆ 'ಚಿತ್ರ: ರುಬೀನಾ' ಎಂದಿತ್ತು. ಗೂಡು ವ್ಯಾಪಾರಿ ಬಯ್ಯಪ್ಪ ಕನ್ನಡಕ ಏರಿಸಿ ನೋಡಿದ.

"ಏನ್ ಸಾಬ್ರೇ, ಬಿದ್ದಿರೋದು ನೀವೇನಾ?"

"ಬಿದ್ದಿಲ್ಲ ಕಣಪ್ಪ, ಮಲ್ಗಿದೀನಿ," ಎಂದರು ಬಾಷಾ. "ಹಕ್ಕಿ ಅಷ್ಟು ಹತ್ರ ಬರ್ಬೇಕು ಅಂದ್ರೆ ಒಬ್ರು ಹಂಗೆ ಮಲಗ್ಲೇಬೇಕು. ಬಟನ್ ಒತ್ತೋದೇನು, ಯಾರ್ ಬೇಕಾದ್ರೂ ಒತ್ತಬೋದು."