ತೂಬಿನ ಬುಡದ ಗದ್ದೆ

ಇಪ್ಪತ್ತಾರು ವರ್ಷ ನಾನು ಹೊಳಲ್ಕೆರೆಯಲ್ಲಿ ಹುಡುಗರಿಗೆ ಅರ್ಥಶಾಸ್ತ್ರ ಹೇಳಿದೆ. ಅಷ್ಟು ದೀರ್ಘ ಸೇವಾವಧಿಯಲ್ಲಿ ಆ ಶಾಸ್ತ್ರವನ್ನು ನಂಬಿ ಒಬ್ಬ ಮನುಷ್ಯನಿಗೆ ಸಲಹೆ ಕೊಟ್ಟದ್ದು ಒಂದೇ ಸಲ. ಉಳಿದಂತೆ ಬರೀ ಪಾಠ ಮಾಡಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ ಎಂಬುದೇ ನನ್ನ ವೃತ್ತಿಯ ಸಾಧನೆ.

ಸಲಹೆ ಪಡೆದ ನತದೃಷ್ಟ ನಮ್ಮೂರಿನ ಹಿಟ್ಟಿನ ಗಿರಣಿಯ ರುದ್ರಪ್ಪ. ನಮ್ಮೂರು ಚಿತ್ರದುರ್ಗಕ್ಕೂ ಹೊಳಲ್ಕೆರೆಗೂ ನಡುವೆ, ಒಂದು ಬೋಳುಗುಡ್ಡದ ಬುಡದಲ್ಲಿದೆ. ಬೇರೆ ಊರುಗಳಿಗೆ ನದಿ, ಕೋಟೆ, ಇತಿಹಾಸ ಮೊದಲಾದ ಆಸ್ತಿಗಳಿರುತ್ತವೆ. ನಮಗೆ ಇದ್ದದ್ದು ಗಾಳಿ. ಆಷಾಢದಲ್ಲಿ ಹೆಂಚು ಹಾರಿಸುವ, ತೂರುವಾಗ ಹೊಟ್ಟಿನ ಜೊತೆ ಕಾಳನ್ನೂ ಒಯ್ಯುವ, ಯಾರಿಗೂ ಬೇಡದ ಗಾಳಿ. ತೊಂಬತ್ತರ ದಶಕದ ಕೊನೆಯಲ್ಲಿ ಜೀಪಿನವರು ಬಂದು, ಗುಡ್ಡದ ನೆತ್ತಿಯಲ್ಲಿ ಕಂಬ ನೆಟ್ಟು ಅದನ್ನು ಅಳೆದರು. ಹುಟ್ಟಿದಾಗಿನಿಂದ ಬೈದುಕೊಂಡು ಬಂದ ವಸ್ತುವನ್ನು ಯಾರಾದರೂ ಅಳೆಯತೊಡಗಿದರೆ, ಅದು ನಮ್ಮ ಕೈತಪ್ಪುವ ಕಾಲ ಬಂತೆಂದೇ ತಿಳಿಯಬೇಕು. ಈ ಸಿದ್ಧಾಂತ ಪಠ್ಯದಲ್ಲಿರಲಿಲ್ಲ. ನನಗೆ ತಡವಾಗಿ ಹೊಳೆಯಿತು.

ಎರಡು ವರ್ಷದೊಳಗೆ ಗುಡ್ಡದ ಮೇಲೆ ಮೂರು ರೆಕ್ಕೆಯ ಬಿಳಿ ಫ್ಯಾನುಗಳು ಸಾಲಾಗಿ ನಿಂತವು. ರುದ್ರಪ್ಪ ಹುಬ್ಬಿನ ಮೇಲಿನ ರಾಗಿಹಿಟ್ಟನ್ನೂ ಒರೆಸದೆ ಗಿರಣಿಯ ಬಾಗಿಲಲ್ಲಿ ಕುಳಿತು ಅವನ್ನೇ ನೋಡುತ್ತಿದ್ದ. ಅವನ ಗಿರಣಿಗೆ ಎರಡು ಹೃದಯ. ಕರೆಂಟು ಬಂದಾಗ ಮೋಟಾರು. ಬಾರದಾಗ, ಅಂದರೆ ಸಾಮಾನ್ಯವಾಗಿ, ಅಪ್ಪನ ಕಾಲದ ಡೀಸೆಲ್ ಎಂಜಿನ್ನು.

"ಮೇಷ್ಟ್ರೇ, ಬರ್ರಿ, ಕುಂತ್ಕಳ್ರಿ," ಎಂದು ಒಂದು ದಿನ ಕರೆದ. "ಕೆರೆ ತೂಬು ಎತ್ತಿದ್ರೆ ನೀರು ಮೊದ್ಲು ಯಾರ ಗದ್ದಿಗೆ?"

"ತೂಬಿನ ಬುಡದ ಗದ್ದೆಗೆ."

"ಮತ್ತೆ ಕರೆಂಟಿನ ತೂಬು ನಮ್ಮ ನೆತ್ತಿ ಮ್ಯಾಲೇ ಐತಲ್ರಿ! ಇನ್ನ ಈ ಎಂಜಿನ್ನು ಯಾತಕ್ರಿ, ಹೊಗೆ ಕುಡಿಯಾಕಾ?"

ನಮ್ಮ ಕಡೆ ಇದು ವಾದವಲ್ಲ, ಧರ್ಮ. ನೀರುಗಂಟಿ ತೂಬು ಎತ್ತಿದ ಮೇಲೆ ನೀರು ಬುಡದ ಗದ್ದೆಯನ್ನು ತಣಿಸದೆ ಮುಂದೆ ಹೋದದ್ದುಂಟೆ? ದುರ್ಗದ ಪಾಳೆಯಗಾರರೂ ಈ ನಿಯಮದ ಗೊಡವೆಗೆ ಹೋಗಿರಲಾರರು. ನಾನು ಅದಕ್ಕೆ ಶಾಸ್ತ್ರದ ಮೊಹರು ಒತ್ತಿದೆ: ಉತ್ಪಾದನೆ ಹತ್ತಿರವಾದಷ್ಟೂ ಸಾಗಣೆಯ ವೆಚ್ಚ ಕಡಿಮೆ, ಆದಕಾರಣ ಪೂರೈಕೆ ಹೆಚ್ಚು. "ಮಾರಿಬಿಡು" ಎಂದೆ. ಹಿರಿಯೂರಿನ ಗುಜರಿಯವನು ಎಂಜಿನ್ನನ್ನು ಲಾರಿಗೆ ಹೇರಿಕೊಂಡು ಹೋದ.

ಕರೆಂಟಿಗೆ ಕೆರೆಯ ಸಂಸ್ಕಾರವಿಲ್ಲ. ಗುಡ್ಡದಲ್ಲಿ ಹುಟ್ಟಿದ್ದು ದಪ್ಪ ತಂತಿ ಹಿಡಿದು, ನಮ್ಮ ಸೂರುಗಳ ಮೇಲೆಯೇ ದಾಟಿ, ದೂರದ ದೊಡ್ಡ ಸ್ಟೇಷನ್ನಿಗೆ ಹೋಗುತ್ತಿತ್ತು. ನಮ್ಮ ಪಾಲಿನದು ಇನ್ನೊಂದು ದಿಕ್ಕಿನಿಂದ, ಹತ್ತಾರು ಊರುಗಳ ದಾಹ ತೀರಿಸಿ, ಏದುಸಿರು ಬಿಡುತ್ತ ಬರುತ್ತಿತ್ತು. ತೂಬಿನ ಬುಡದಲ್ಲಿದ್ದೇವೆಂದುಕೊಂಡ ನಾವು ಕಾಲುವೆಯ ಬಾಲದಲ್ಲಿದ್ದೆವು. ರಾಗಿಚೀಲ ಹೊತ್ತು ಬಂದ ಹೆಂಗಸರು, "ಏನಪ್ಪ ರುದ್ರಪ್ಪ, ನಿನ್ನ ನೆಂಟ್ರು ಮ್ಯಾಲೆ ಗಿರಗಿರ ತಿರುಗ್ತಾ ಅವ್ರೆ, ನಿನ್ನ ಕಲ್ಲು ಮಾತ್ರ ಮಲಗೈತಲ್ಲ" ಎಂದು ಚುಚ್ಚಿ, ಹೊಳಲ್ಕೆರೆಯ ಬಸ್ಸು ಹತ್ತುತ್ತಿದ್ದರು. ಅವನು ಹೊಸ ಎಂಜಿನ್ನಿನ ಬೆಲೆ ಕೇಳಿಕೊಂಡು ಬಂದು ಮತ್ತೆ ಆ ಮಾತೆತ್ತಲಿಲ್ಲ. ನನ್ನನ್ನು ಒಂದು ಮಾತು ಬೈದಿದ್ದರೆ ಎಷ್ಟೋ ಸುಖವಾಗುತ್ತಿತ್ತು.

ಪಾಪಪ್ರಜ್ಞೆಯಿಂದ ಸಂಶೋಧನೆಗಿಳಿದೆ. ಆ ಫ್ಯಾನುಗಳ ಒಡೆಯರು ಎಲ್ಲೋ ಬನಿಯನ್ ಹೊಲಿಸುವ ಮಹನೀಯರಂತೆ. ಅವರಿಗೆ ಗಾಳಿಯ ಮೇಲೆ ವಿಶೇಷ ಪ್ರೀತಿಯಿರಲಿಲ್ಲ, ತೆರಿಗೆಯ ಮೇಲೆ ವಿಶೇಷ ದ್ವೇಷವಿತ್ತು. ಫ್ಯಾನು ಕೊಂಡ ವರ್ಷವೇ ಅದು ಬಹುಪಾಲು ಸವೆದುಹೋಯಿತೆಂದು ಕಾಗದದಲ್ಲಿ ತೋರಿಸಿ ತೆರಿಗೆ ಉಳಿಸಿಕೊಳ್ಳಲು ಸರ್ಕಾರ ಬಿಡುತ್ತಿತ್ತು. ಮಾರ್ಚ್ ಕೊನೆಯೊಳಗೆ ಎದ್ದು ನಿಂತರೆ ಸಾಕು, ತೊಟ್ಟಿಲಲ್ಲೇ ವೃದ್ಧಾಪ್ಯ. ಆಮೇಲೆ ತಿರುಗಿದರೆ ಅದು ಫ್ಯಾನಿನ ದೊಡ್ಡ ಗುಣ.

ಇನ್ನೂ ಕೆಲವು ವರ್ಷ ಕಳೆದ ಮೇಲೆ, ಭೂಮಿ ಬಿಸಿಯೇರುತ್ತಿದೆ, ಹೊಗೆ ಕಡಿಮೆಯಾಗಬೇಕು ಎಂಬ ವಾರ್ತೆ ಬಂತು. ನಮ್ಮ ಗುಡ್ಡದ ಗಾಳಿಯಿಂದಾಗಿ ಎಲ್ಲೋ ಕಲ್ಲಿದ್ದಲು ಉರಿಯದೆ ಉಳಿಯಿತಲ್ಲ, ಆ ಹುಟ್ಟದ ಹೊಗೆಯನ್ನು ಚಳಿಯ ದೇಶದ ಕಾರ್ಖಾನೆಗೆ ಮಾರಬಹುದಂತೆ; ಕೊಂಡವರು ಅಷ್ಟು ಹೊಗೆಯನ್ನು ನಿಶ್ಚಿಂತೆಯಿಂದ ಬಿಡಬಹುದಂತೆ. ವೇದಾಂತಿಗಳೂ ಇಲ್ಲದ ವಸ್ತುವಿನ ಬಗ್ಗೆ ಚರ್ಚಿಸಿದ್ದಾರೆ, ಆದರೆ ಮಾರಿರಲಿಲ್ಲ. ಮಾರುವ ಮೊದಲು ಗ್ರಾಮಸ್ಥರ ಅಭಿಪ್ರಾಯ ಕೇಳುವುದು ಕಡ್ಡಾಯ. ಹೀಗಾಗಿ ಶಾಲೆಯ ಅಂಗಳದಲ್ಲಿ ಶಾಮಿಯಾನ ಎದ್ದಿತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದವು. ಇಂಗ್ಲಿಷ್ ಬಲ್ಲವನೆಂಬ ಅಪವಾದ ಹೊತ್ತ ನನಗೆ ವರದಿ ಬರೆಯುವ ಕೆಲಸ ಬಿತ್ತು.

ರುದ್ರಪ್ಪ ಒಗೆದ ಅಂಗಿ ತೊಟ್ಟು ಬಂದಿದ್ದ. ಎದ್ದು ಕೈಮುಗಿದ. "ಸ್ವಾಮಿ, ಮ್ಯಾಗಳ ಫ್ಯಾನಿಂದ ಒಂದೇ ಒಂದು ತಂತಿ ನನ್ನ ಗಿರಣಿಗೆ ಇಳಿಸ್ರಿ. ಈ ಸಲ ಆಗ್ಲಿಲ್ಲಂದ್ರೆ ಕಲ್ಲು ಮಾರ್ತೀನಿ. ಇನ್ನ ತಡಿಯಾಕಾಗಲ್ಲ."

ಫ್ಯಾನಿನ ಕಂಪನಿಯಿಂದ ಬಂದಿದ್ದ, ಟೈ ಕಟ್ಟಿದ್ದ ಅಧಿಕಾರಿ ಬಹಳ ವಿನಯದಿಂದ, ಅದು ವಿದ್ಯುತ್ ಇಲಾಖೆಯವರ ಕೈಯಲ್ಲಿದೆ ಎಂದರು. ಇಲಾಖೆಯವರನ್ನು ಕರೆದಿರಲಿಲ್ಲ. ನಮೂನೆಯಲ್ಲಿ ಗ್ರಾಮಸ್ಥರ ಅಭಿಪ್ರಾಯಕ್ಕೆಂದು ಒಂದು ಸಾಲಿನಷ್ಟು ಜಾಗವಿತ್ತು. "ಸಾರ್, ಚಿಕ್ಕದಾಗಿ ಬರೀರಿ" ಎಂದು ಅಧಿಕಾರಿ ನನಗೆ ಹೇಳಿದರು. ಹಿಂದಿನ ಸಾಲಿನಿಂದ ಯಾರೋ, "ಲೇ, ಬಿಸಿ ಮೆಣಸಿನಕಾಯಿ ಆರ್ತೈತೆ, ಬೇಗ ಮುಗಿಸ್ರಲೇ" ಎಂದರು. ನಾನು ಬರೆದೆ: ಪ್ರಶ್ನೆಗಳನ್ನು ಕೇಳಲಾಯಿತು, ಉತ್ತರಿಸಲಾಯಿತು, ಆಕ್ಷೇಪವಿಲ್ಲ. ಒಂದೊಂದು ಪದವೂ ನಿಜ. ಅಕ್ಷರ ನನ್ನದೆಂದು ನಂಬಿ ರುದ್ರಪ್ಪನೂ ರುಜು ಹಾಕಿದ.

"ನಂದು ಬರ್ದ್ರಾ ಮೇಷ್ಟ್ರೇ?"

"ಬರೆದೆ."

ಆ ಕಾಗದ ಸಮುದ್ರ ದಾಟಿತು. ಅಲ್ಲೆಲ್ಲೋ ಒಂದು ಚಿಮಣಿ ಈಗ ನನ್ನ ಒಕ್ಕಣೆಯ ಬಲದಿಂದ ಹೊಗೆ ಬಿಡುತ್ತಿರಬಹುದು; ಬೀಡಿ ಮುಟ್ಟದವನು ನಿವೃತ್ತಿಯ ಅಂಚಿನಲ್ಲಿ ಸೇದಲು ಕಲಿತಂತಾಯಿತು. ರುದ್ರಪ್ಪ ಕಲ್ಲು ಮಾರಲಿಲ್ಲ. "ಮೇಷ್ಟ್ರು ಬರ್ದಾರೆ, ಬರ್ತೈತೆ ತಡೀರಿ" ಎಂದು ಎಲ್ಲರಿಗೂ ಹೇಳುತ್ತಾನೆ. ಅಮಾವಾಸ್ಯೆ ಬಂತೆಂದರೆ ಗಿರಣಿಯ ಬಾಗಿಲು ತೆಗೆದು, ಉಳಿ ಹಿಡಿದು ಕಲ್ಲಿನ ಗೀರುಗಳನ್ನು ಹರಿತ ಮಾಡುತ್ತ ಕೂರುತ್ತಾನೆ. ಬೀಸದ ಕಲ್ಲು ಮೊಂಡಾಗುವುದಿಲ್ಲವೆಂದು ಅವನಿಗೂ ಗೊತ್ತು. ನಾನು ಬೀದಿಯ ಆಚೆ ಬದಿಯಿಂದ ಹಾದುಹೋಗುತ್ತೇನೆ. ಕರೆಂಟಿನ ಹಂಗಿಲ್ಲದೆ ನಡೆಯುವ ಯಂತ್ರ ನಮ್ಮೂರಿನಲ್ಲಿ ಈಗ ಒಂದೇ ಉಳಿದಿದೆ: "ಬರೆದೆ" ಎಂದು ನಾನು ಆಡಿದ ಮಾತು.